ಇಂಟಿಮೆಸಿ ಕೋಆರ್ಡಿನೇಟರ್: ಸೆಟ್ಟಿನಲ್ಲಿ ಅವರ ಕೆಲಸವೇನು, ನಮ್ಮ ಮನೆಯೊಳಗೆ ಅದರಿಂದ ಸಿಗುವುದೇನು

ಓಟಿಟಿಯಲ್ಲಿ ಸರಣಿ ಮುಗಿದ ಮೇಲೆ ಹೆಸರುಗಳು ಸರಸರ ಓಡುತ್ತವಲ್ಲ, ಅವುಗಳ ನಡುವೆ ಈಗೀಗ ಹೊಸ ಹುದ್ದೆಯೊಂದು ಕಾಣಿಸುತ್ತಿದೆ: ಇಂಟಿಮೆಸಿ ಕೋಆರ್ಡಿನೇಟರ್. ಮುಂಬೈ ಕನ್ನಡಿಗರಿಗೆ ಇದು ದೂರದ ವಿಷಯವೇನೂ ಅಲ್ಲ. ಅಂಧೇರಿ, ಗೋರೆಗಾಂವ್, ಮಾಲಾಡ್ ಕಡೆಯ ಎಷ್ಟೋ ಕನ್ನಡ, ತುಳು ಮನೆಗಳಲ್ಲಿ ಯಾರಾದರೊಬ್ಬರು ಶೂಟಿಂಗ್ ನಂಬಿ ಬದುಕುತ್ತಿದ್ದಾರೆ. ಮೇಕಪ್, ಕ್ಯಾಮೆರಾ, ಎಡಿಟಿಂಗ್, ಊಟದ ಕಾಂಟ್ರಾಕ್ಟ್, ಹೀಗೆ. ಹುಬ್ಬಳ್ಳಿ, ಉಡುಪಿ, ಬೆಂಗಳೂರಿನಿಂದ ನಟನೆಗೆಂದೇ ಬಂದ ಮಕ್ಕಳು ವರ್ಸೋವಾದಲ್ಲಿ ರೂಮ್ ಹಂಚಿಕೊಂಡು, ಆರಾಮ್ ನಗರದ ಗಲ್ಲಿಗಳಲ್ಲಿ ಆಡಿಷನ್‌ಗೆ ಅಲೆಯುತ್ತಿದ್ದಾರೆ. ಅವರ ಫೋನಿಗೆ ಬರುವ ಪಾತ್ರದ ವಿವರದಲ್ಲಿ ಕೆಲವೊಮ್ಮೆ ಒಂದು ಸಾಲು ಇರುತ್ತದೆ: ಪಾತ್ರಕ್ಕೆ ಆಪ್ತ ದೃಶ್ಯಗಳಿವೆ, ಒಪ್ಪಿಗೆಯಾದರೆ ಮಾತ್ರ ಬನ್ನಿ. ಊರಿನ ಅಪ್ಪ-ಅಮ್ಮ ಗಾಬರಿಯಾಗಿ ಮುಂಬೈಯ ಚಿಕ್ಕಮ್ಮನಿಗೆ ಫೋನ್ ಮಾಡುತ್ತಾರೆ. ಚಿಕ್ಕಮ್ಮನಿಗೂ ಏನು ಹೇಳಬೇಕೆಂದು ತೋಚುವುದಿಲ್ಲ.

"ಮುತ್ತು ಕೊಡೋದನ್ನ ಹೇಳಿಕೊಡೋಕೂ ಒಬ್ಬರು ಬೇಕಾ?" ಇದು ಬಹಳ ಜನರ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ವಿಷಯ ಸಿನಿಮಾ ದಾಟಿ ಗಂಡ-ಹೆಂಡತಿಯ ನಡುವಿನ ಮಾತಿನವರೆಗೂ ಬರುತ್ತದೆ. ಬುಡದಿಂದಲೇ ಶುರುಮಾಡೋಣ.

ಯಾರಿವರು?

ಮುತ್ತು, ಅಪ್ಪುಗೆ, ಬೆತ್ತಲೆ ದೇಹ, ಲೈಂಗಿಕ ಕ್ರಿಯೆಯಂತೆ ಕಾಣುವ ನಟನೆ, ಲೈಂಗಿಕ ಹಿಂಸೆಯ ಚಿತ್ರಣ. ಇವನ್ನೆಲ್ಲ ಒಟ್ಟಾಗಿ ಆಪ್ತ ದೃಶ್ಯ ಎನ್ನೋಣ. ಹೆರಿಗೆಯ ದೃಶ್ಯವೂ ಕೆಲವೊಮ್ಮೆ ಇದರಲ್ಲಿ ಸೇರುತ್ತದೆ. ಇಂಥ ದೃಶ್ಯಕ್ಕೆ ನಟರ ಒಪ್ಪಿಗೆ ಪಡೆದು, ಹೆಜ್ಜೆಹೆಜ್ಜೆಯಾಗಿ ಯೋಜಿಸಿ, ಕ್ಯಾಮೆರಾ ಮುಂದೆ ಯಾರಿಗೂ ನೋವಾಗದಂತೆ ನಡೆಸಿಕೊಡುವವರೇ ಇಂಟಿಮೆಸಿ ಕೋಆರ್ಡಿನೇಟರ್. ನಾಟಕದಲ್ಲಿ ಇದೇ ಕೆಲಸ ಮಾಡುವವರನ್ನು ಸಾಮಾನ್ಯವಾಗಿ ಇಂಟಿಮೆಸಿ ಡೈರೆಕ್ಟರ್ ಎನ್ನುತ್ತಾರೆ.

ಸುಲಭವಾಗಿ ಅರ್ಥವಾಗಬೇಕೆಂದರೆ ಫೈಟ್ ಮಾಸ್ಟರ್ ನೆನಪಿಸಿಕೊಳ್ಳಿ. ನಾಯಕ ಖಳನ ಕೆನ್ನೆಗೆ ಬಾರಿಸುತ್ತಾನೆ. ಥಿಯೇಟರಿನಲ್ಲಿ ನಮಗೆ ಅದು ನಿಜವಾದ ಏಟು. ಆದರೆ ಸೆಟ್ಟಿನಲ್ಲಿ ಕೈ ಎಲ್ಲಿಂದ ಏಳಬೇಕು, ಮುಖ ಎಷ್ಟು ಹೊತ್ತಿಗೆ ತಿರುಗಬೇಕು, ಕ್ಯಾಮೆರಾ ಯಾವ ಕೋನದಲ್ಲಿರಬೇಕು ಎಂಬುದೆಲ್ಲ ಮೊದಲೇ ಅಭ್ಯಾಸವಾಗಿರುತ್ತದೆ. "ಇಬ್ಬರೂ ನಟರೇ ಅಲ್ವಾ, ಸುಮ್ನೆ ಹೊಡೆದಾಡಿಕೊಳ್ಳಲಿ" ಎಂದು ಯಾವ ನಿರ್ದೇಶಕರೂ ಬಿಡುವುದಿಲ್ಲ. ಆಪ್ತ ದೃಶ್ಯದ ವಿಷಯದಲ್ಲಿ ಮಾತ್ರ ಬಹಳ ಕಾಲ ಹಾಗೆಯೇ ಬಿಟ್ಟಿದ್ದರು.

ಇವರು ಸೆನ್ಸಾರ್ ಅಧಿಕಾರಿಯಲ್ಲ. ದೃಶ್ಯ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ನಿರ್ದೇಶಕರ ಜಾಗವನ್ನೂ ಅವರು ತೆಗೆದುಕೊಳ್ಳುವುದಿಲ್ಲ. ಕಥೆಗೆ ಏನು ಬೇಕು ಎಂದು ನಿರ್ದೇಶಕರನ್ನು ಕೇಳುತ್ತಾರೆ, ಎಲ್ಲಿಯವರೆಗೆ ಸರಿ ಎಂದು ನಟರನ್ನು ಕೇಳುತ್ತಾರೆ, ಎರಡೂ ಕೂಡುವ ಜಾಗ ಹುಡುಕಿ ಕೊಡುತ್ತಾರೆ. ಸಂಬಳ ಕೊಡುವುದು ನಿರ್ಮಾಣ ಸಂಸ್ಥೆ. ಈ ಕೊನೆಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಹೇಗೆ ನಡೆಯುತ್ತಿತ್ತು?

ಚಿತ್ರಕಥೆಯಲ್ಲಿ ಒಂದೇ ಸಾಲು ಇರುತ್ತಿತ್ತು: "ಇಬ್ಬರೂ ಒಂದಾಗುತ್ತಾರೆ." ಉಳಿದದ್ದು ಆ ದಿನ, ಆ ಹೊತ್ತಿಗೆ, ಐವತ್ತು ಜನರ ಎದುರು ತೀರ್ಮಾನವಾಗುತ್ತಿತ್ತು. ನಿರ್ದೇಶಕರಿಗೇ ಮುಜುಗರ. ಅವರು "ನೀವಿಬ್ಬರೇ ಮಾತಾಡಿಕೊಂಡು ಮಾಡಿ" ಎಂದು ಮಾನಿಟರ್ ಹಿಂದೆ ಹೋಗಿ ಕೂರುತ್ತಿದ್ದರು.

ಇದರ ಕರಾಳ ಉದಾಹರಣೆ 1972ರ "ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್" ಚಿತ್ರ. ನಟಿ ಮರಿಯಾ ಶ್ನೈಡರ್‌ಗೆ ಆಗ 19 ವರ್ಷ. ಎದುರಿಗೆ 48ರ ಮಾರ್ಲನ್ ಬ್ರ್ಯಾಂಡೋ. ಅತ್ಯಾಚಾರದ ದೃಶ್ಯದ ಒಂದು ಮುಖ್ಯ ವಿವರವನ್ನು ನಿರ್ದೇಶಕ ಬೆರ್ಟೊಲೂಚಿ ಮತ್ತು ಬ್ರ್ಯಾಂಡೋ ಸೇರಿ ನಿರ್ಧರಿಸಿದರು, ಆಕೆಗೆ ಮೊದಲು ತಿಳಿಸಲಿಲ್ಲ. ಅದು ನಟನೆಯೇ ಆಗಿದ್ದರೂ ತನ್ನ ಕಣ್ಣೀರು ನಿಜವಾಗಿತ್ತು, ಅವಮಾನವಾಯಿತು ಎಂದು ಶ್ನೈಡರ್ 2007ರಲ್ಲಿ ಹೇಳಿದರು. ನಟಿಯ ಪ್ರತಿಕ್ರಿಯೆಗಿಂತ ಒಬ್ಬ ಹುಡುಗಿಯ ಪ್ರತಿಕ್ರಿಯೆ ತನಗೆ ಬೇಕಿತ್ತು ಎಂದು ಬೆರ್ಟೊಲೂಚಿ 2013ರಲ್ಲಿ ಒಪ್ಪಿಕೊಂಡರು. "ಮೊದಲೇ ಹೇಳಿದರೆ ಸಹಜತೆ ಹೋಗುತ್ತದೆ" ಎಂಬ ಮಾತಿನ ಹಿಂದೆ ಏನೇನು ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಕಂಡಿಲ್ಲ.

ಹಿಂದಿ ಚಿತ್ರರಂಗದ ದಾರಿ ಬೇರೆ. 1933ರ "ಕರ್ಮ"ದಲ್ಲಿ ದೇವಿಕಾ ರಾಣಿ ಮತ್ತು ಹಿಮಾಂಶು ರಾಯ್ ಮುತ್ತಿಟ್ಟಿದ್ದರು. ಆಮೇಲೆ ದಶಕಗಳ ಕಾಲ ಎರಡು ಹೂವು ತಾಗುವುದೇ ಮುತ್ತು, ದೀಪ ಆರುವುದೇ ಪ್ರಸ್ತ. 2016ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಅಮೆಜಾನ್ ಪ್ರೈಮ್ ವಿಡಿಯೋ ಭಾರತಕ್ಕೆ ಬಂದವು. ಇವಕ್ಕೆ ಥಿಯೇಟರ್ ಸಿನಿಮಾದಂತೆ ಸೆನ್ಸಾರ್ ಪ್ರಮಾಣಪತ್ರ ಬೇಕಿಲ್ಲ. ಆಪ್ತ ದೃಶ್ಯಗಳು ಜಾಸ್ತಿಯಾದವು. ಅವನ್ನು ಹೇಗೆ ಚಿತ್ರಿಸಬೇಕು ಎಂಬ ತಯಾರಿ ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ.

ತಿರುವು ಬಂದದ್ದು 2017ರ ಅಕ್ಟೋಬರ್‌ನಲ್ಲಿ, ಲೈಂಗಿಕ ಕಿರುಕುಳದ ವಿರುದ್ಧದ ಮೀ ಟೂ ಚಳವಳಿ ಹಾಲಿವುಡ್‌ನಲ್ಲಿ ಸ್ಫೋಟಿಸಿದಾಗ. ಮರುವರ್ಷ ಎಚ್‌ಬಿಒ ವಾಹಿನಿಯ "ದಿ ಡ್ಯೂಸ್" ಸರಣಿಯ ನಟಿ ಎಮಿಲಿ ಮೀಡ್, ಇಂಥ ದೃಶ್ಯಗಳಿಗೆ ತನ್ನ ಪರವಾಗಿ ನಿಲ್ಲುವ ಒಬ್ಬರು ಬೇಕು ಎಂದು ಕೇಳಿದರು. ನಾಟಕರಂಗದಿಂದ ಬಂದ ಅಲಿಸಿಯಾ ರೋಡಿಸ್ ಆ ಕೆಲಸಕ್ಕೆ ನಿಂತರು. 2018ರ ಅಕ್ಟೋಬರ್ ಹೊತ್ತಿಗೆ ತನ್ನ ಎಲ್ಲ ಸರಣಿಗಳ ಆಪ್ತ ದೃಶ್ಯಗಳಿಗೂ ಕೋಆರ್ಡಿನೇಟರ್ ಇರುತ್ತಾರೆ ಎಂದು ವಾಹಿನಿ ಹೇಳಿತು. ಬ್ರಿಟನ್ನಿನಲ್ಲಿ ಈಟಾ ಒಬ್ರಯನ್ ಇದೇ ಹೊತ್ತಿಗೆ ನಿಯಮಗಳನ್ನು ರೂಪಿಸಿದ್ದರು. "ಸೆಕ್ಸ್ ಎಜುಕೇಷನ್", "ನಾರ್ಮಲ್ ಪೀಪಲ್" ಸರಣಿಗಳಲ್ಲಿ ಅವರ ಕೆಲಸ ಜನರ ಕಣ್ಣಿಗೆ ಬಿತ್ತು. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು.

ಮುಂಬೈಗೂ ಅದೇ ಸುಮಾರಿಗೆ ಗಾಳಿ ಬೀಸಿತು. 2020ರ "ಮಸ್ತ್‌ರಾಮ್" ಸರಣಿಗೆ ಕೆನಡಾದ ಅಮಾಂಡಾ ಕಟಿಂಗ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದರು. ಸಹಾಯಕ ನಿರ್ದೇಶಕಿಯಾಗಿದ್ದ ಆಸ್ಥಾ ಖನ್ನಾ ತರಬೇತಿ ಪಡೆದು ಭಾರತದ ಮೊದಲ ಪ್ರಮಾಣೀಕೃತ ಇಂಟಿಮೆಸಿ ಕೋಆರ್ಡಿನೇಟರ್ ಎಂದು ಹೆಸರಾದರು. 2022ರ ಫೆಬ್ರವರಿಯಲ್ಲಿ ಬಂದ "ಗೆಹರಾಯಿಯಾಂ" ಚಿತ್ರದಲ್ಲಿ ಇಂಟಿಮೆಸಿ ಡೈರೆಕ್ಟರ್ ಎಂದು ದರ್ ಗಾಯ್ ಹೆಸರು ಬಂದಾಗ ಮಾಟುಂಗಾದ ಕನ್ನಡ ಮನೆಗಳಲ್ಲೂ "ಇದೇನಿದು?" ಎಂಬ ಮಾತು ಶುರುವಾಯಿತು.

ಒಂದು ದೃಶ್ಯ ಹೇಗೆ ತಯಾರಾಗುತ್ತದೆ?

ಕಾಲ್ಪನಿಕ ದೃಶ್ಯವೊಂದನ್ನು ತೆಗೆದುಕೊಳ್ಳೋಣ. ಹೊಸದಾಗಿ ಮದುವೆಯಾದ ಜೋಡಿ, ಮುಲುಂಡ್‌ನ ಬಾಡಿಗೆ ಫ್ಲಾಟ್. ಚಿತ್ರಕಥೆಯಲ್ಲಿ ಇರುವುದು ಇಷ್ಟೇ: "ಅವಳು ದೀಪ ಆರಿಸುವುದಿಲ್ಲ. ಇಬ್ಬರೂ ಹತ್ತಿರವಾಗುತ್ತಾರೆ."

ಕೋಆರ್ಡಿನೇಟರ್ ಮೊದಲು ನಿರ್ದೇಶಕರ ಹತ್ತಿರ ಕೂರುತ್ತಾರೆ. ಮೊದಲು ಕೈ ಚಾಚುವವರು ಯಾರು? ನಿಂತಿದ್ದಾರೋ, ಕೂತಿದ್ದಾರೋ? ರವಿಕೆಯ ಹುಕ್ ಕ್ಯಾಮೆರಾ ಮುಂದೆ ಬಿಚ್ಚುತ್ತದೆಯೋ, ಅಷ್ಟರಲ್ಲಿ ಕಟ್ ಆಗುತ್ತದೆಯೋ? ಈ ರಾತ್ರಿ ಕಥೆಯಲ್ಲಿ ಏನು ಬದಲಾಗಬೇಕು? ನಿರ್ದೇಶಕರು ಯೋಚಿಸಿ ಹೇಳುತ್ತಾರೆ: "ಅವಳು ಅವನನ್ನು ಮೊದಲ ಸಲ ನಂಬುವ ಗಳಿಗೆ ಇದು." ಹಾಗಾದರೆ ಮೊದಲು ಮುಟ್ಟುವವಳು ಅವಳೇ ಆಗಬೇಕು. ದೃಶ್ಯಕ್ಕೊಂದು ದಾರಿ ಸಿಕ್ಕಿತು. ಎಷ್ಟೋ ಸಲ ಈ ಹಂತದಲ್ಲೇ ಅರ್ಧದಷ್ಟು ಬೆತ್ತಲೆತನ ಕಥೆಗೆ ಬೇಕಾಗಿಲ್ಲ ಎಂಬುದು ಹೊರಬೀಳುತ್ತದೆ.

ಆಮೇಲೆ ಇಬ್ಬರು ನಟರ ಜೊತೆ ಬೇರೆಬೇರೆಯಾಗಿ ಮಾತು. ನಿರ್ದೇಶಕರು, ನಿರ್ಮಾಪಕರು ಅಲ್ಲಿರುವುದಿಲ್ಲ. ನಟಿ ಹೇಳುತ್ತಾಳೆ: ಬೆನ್ನು ಕಂಡರೆ ಪರವಾಗಿಲ್ಲ, ಹೊಟ್ಟೆ ಮಾತ್ರ ಮುಟ್ಟಬಾರದು. "ಯಾಕೆ?" ಎಂದು ಕೋಆರ್ಡಿನೇಟರ್ ಕೇಳುವುದಿಲ್ಲ. ಸಿಸೇರಿಯನ್ ಗಾಯದ ಗುರುತಿರಬಹುದು, ಹಳೆಯ ಕಹಿ ನೆನಪಿರಬಹುದು, ಸುಮ್ನೆ ಕಚಗುಳಿಯೂ ಇರಬಹುದು. ಗಡಿಗೆ ಕಾರಣ ಕೊಡಬೇಕಾಗಿಲ್ಲ. ನಟ ಹೇಳುತ್ತಾನೆ: ನಾಲಿಗೆ ತಾಗುವ ಮುತ್ತು ಬೇಡ, ಶರ್ಟ್ ಬಿಚ್ಚುವುದಕ್ಕೆ ಅಭ್ಯಂತರವಿಲ್ಲ. ಗಂಡಸರಿಗೂ ಗಡಿಗಳಿರುತ್ತವೆ. ಅವರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅವರೂ ಹೇಳುವುದಿಲ್ಲ, ಅಷ್ಟೇ.

ಒಪ್ಪಿದ್ದೆಲ್ಲ ಬರಹಕ್ಕೆ ಇಳಿಯುತ್ತದೆ. ಕರಾರಿಗೆ ಸೇರಿಸುವ ಈ ಹಾಳೆಗೆ ನ್ಯೂಡಿಟಿ ರೈಡರ್ ಎಂದು ಹೆಸರು. ಯಾವ ಭಾಗ ಕಾಣಬಹುದು, ಎಷ್ಟು, ಯಾವ ಕೋನದಿಂದ, ಆ ತುಣುಕನ್ನು ಟ್ರೇಲರ್‌ನಲ್ಲಿ ಬಳಸಬಹುದೇ, ಬಳಸದೆ ಉಳಿದ ಚಿತ್ರಿಕೆಯನ್ನು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಸಹಿ ಹಾಕಿದ ಮೇಲೂ ನಟರು ಮನಸ್ಸು ಬದಲಾಯಿಸಬಹುದು. ಆಗ ನಟರ ಬದಲಿಗೆ ನಿಲ್ಲುವ ಬಾಡಿ ಡಬಲ್ ತರಬಹುದು, ಚಿತ್ರಿಸುವ ರೀತಿ ಬದಲಿಸಬಹುದು, ದೃಶ್ಯವನ್ನೇ ಬಿಡಬಹುದು.

ರಿಹರ್ಸಲ್ ಮೈತುಂಬ ಬಟ್ಟೆ ಹಾಕಿಕೊಂಡೇ ನಡೆಯುತ್ತದೆ. ಇಬ್ಬರೂ ಎದುರುಬದುರು ನಿಲ್ಲುತ್ತಾರೆ. ನಟಿ ತನ್ನ ಕೈಯನ್ನೇ ತನ್ನ ಭುಜ, ಬೆನ್ನು, ಸೊಂಟದ ಪಕ್ಕದ ಮೇಲೆ ಸವರಿ "ಇಲ್ಲಿ ಸರಿ, ಇಲ್ಲಿ ಸರಿ, ಇಲ್ಲಿ ಬೇಡ" ಎಂದು ತೋರಿಸುತ್ತಾಳೆ. ನಟ ಅದನ್ನು ಬಾಯಲ್ಲಿ ಹೇಳಿ ಒಪ್ಪಿಸುತ್ತಾನೆ. ಆಮೇಲೆ ಪಾತ್ರ ಬದಲು, ಅವನು ತೋರಿಸುತ್ತಾನೆ, ಅವಳು ಒಪ್ಪಿಸುತ್ತಾಳೆ. ಸ್ಪರ್ಶ ಎಷ್ಟು ಗಟ್ಟಿ ಎಂದು ಹೇಳುವುದಕ್ಕೂ ಕೆಲವರು ಮೂರು ಅಳತೆ ಬಳಸುತ್ತಾರೆ: ಚರ್ಮದ ಮಟ್ಟ, ಮಾಂಸದ ಮಟ್ಟ, ಮೂಳೆಯ ಮಟ್ಟ. "ಭುಜದ ಮೇಲೆ ಅಂಗೈ, ಮಾಂಸದ ಮಟ್ಟ, ಎರಡು ಎಣಿಸುವವರೆಗೆ. ಒಂದು ಉಸಿರು. ಆಮೇಲೆ ಬೆರಳ ತುದಿ ಮಾತ್ರ, ಚರ್ಮದ ಮಟ್ಟ, ಕುತ್ತಿಗೆವರೆಗೆ." ಕೇಳಲು ಯಂತ್ರದಂತಿದೆ. ಆದರೆ "ಸ್ವಲ್ಪ ಆವೇಶ ಇರಲಿ" ಎಂಬ ಮಾತಿಗಿಂತ ಇದು ನಟರಿಗೆ ಎಷ್ಟೋ ಮೇಲು. ಕೈ ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿದ್ದಾಗ ಮನಸ್ಸು ಪಾತ್ರದ ಕಡೆಗೆ ಹೋಗುತ್ತದೆ.

ಚಿತ್ರೀಕರಣದ ದಿನ ಸೆಟ್ಟು ಮುಚ್ಚುತ್ತದೆ. ಇದೇ ಕ್ಲೋಸ್ಡ್ ಸೆಟ್. ಸ್ಪಾಟ್ ದಾದಾಗಳು, ಆ ಹೊತ್ತಿಗೆ ಕೆಲಸವಿಲ್ಲದ ಲೈಟ್‌ಮನ್‌ಗಳು, ನೋಡಲು ಬಂದ ಗೆಳೆಯರು ಎಲ್ಲ ಹೊರಗೆ. ಫೋನ್‌ಗಳೂ ಹೊರಗೆ. ಎಷ್ಟು ಬೇಕೋ ಅಷ್ಟು ಮಾನಿಟರ್ ಮಾತ್ರ ಆನ್. ನಟರು ಮೈಬಣ್ಣದ ಮಾಡೆಸ್ಟಿ ಗಾರ್ಮೆಂಟ್ ತೊಟ್ಟಿರುತ್ತಾರೆ. ಖಾಸಗಿ ಅಂಗಗಳನ್ನು ಮುಚ್ಚುವ, ಮೈಗೆ ಅಂಟಿಸುವ ಬಟ್ಟೆ ಅದು. ಇಬ್ಬರ ದೇಹದ ನಡುವೆ ಮೆತ್ತನೆಯ ಪ್ಯಾಡ್ ಇಡುತ್ತಾರೆ. ಕ್ಯಾಮೆರಾಗೆ ಅದು ಕಾಣುವುದಿಲ್ಲ. ಕಟ್ ಎಂದ ಕೂಡಲೇ ಗೌನ್ ಹಿಡಿದು ಒಬ್ಬರು ಓಡಿ ಬರುತ್ತಾರೆ. ಯಾರಿಗಾದರೂ ತಡೆಯಲಾಗದಿದ್ದರೆ ಹೇಳಲು ಒಂದು ಪದ ಮೊದಲೇ ಗೊತ್ತಾಗಿರುತ್ತದೆ. ಅದನ್ನು ಹೇಳಿದರೆ ಕ್ಯಾಮೆರಾ ನಿಲ್ಲುತ್ತದೆ.

ಕೆಲಸ ಮುಗಿದ ಮೇಲೆ ಇನ್ನೊಂದು ಪುಟ್ಟ ಹಂತವಿದೆ. ಇಬ್ಬರೂ ಎದುರು ನಿಂತು ದೀರ್ಘ ಉಸಿರು ಎಳೆದುಕೊಂಡು, ಕೈ ಕೊಡವಿ, ಅಂಗೈಗೆ ಅಂಗೈ ತಟ್ಟಿ ಪಾತ್ರದಿಂದ ಹೊರಬರುತ್ತಾರೆ. ಮನಸ್ಸಿಗೆ ಅದು ನಟನೆ ಎಂದು ಗೊತ್ತಿದ್ದರೂ ದೇಹಕ್ಕೆ ಬೇಗ ಗೊತ್ತಾಗುವುದಿಲ್ಲ. ಹಿಂಸೆಯ ದೃಶ್ಯವಾಗಿದ್ದರೆ ಇದು ಇನ್ನೂ ಮುಖ್ಯ.

"ಬೇಡ" ಎಂಬ ಮಾತಿಗೆ ಯಾರು ಬೆಲೆ ತೆರುತ್ತಾರೆ?

ಈ ಎಲ್ಲ ಕ್ರಮಗಳ ತಿರುಳು ಒಪ್ಪಿಗೆ. ಒಪ್ಪಿಗೆ ಎಂದರೆ ಕೇಳಿ ಹೂಂ ಅನ್ನಿಸಿಕೊಳ್ಳುವುದು ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ.

ಆರಾಮ್ ನಗರದಲ್ಲಿ ಆಡಿಷನ್‌ಗೆ ಅಲೆಯುವ ಮಕ್ಕಳಲ್ಲಿ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮೊದಲ ದೊಡ್ಡ ಪಾತ್ರ ಸಿಕ್ಕಿದೆ. ಬಾಡಿಗೆ ಎರಡು ತಿಂಗಳು ಬಾಕಿ. ಸೆಟ್ಟಿನಲ್ಲಿ ಲೈಟು ಹಾಕಿ ಎಲ್ಲರೂ ಕಾಯುತ್ತಿದ್ದಾರೆ, ಪ್ರತಿ ಗಂಟೆಗೂ ನಿರ್ಮಾಪಕರ ದುಡ್ಡು ಹೋಗುತ್ತಿದೆ. ನಿರ್ದೇಶಕರು ನಯವಾಗಿಯೇ ಕೇಳುತ್ತಾರೆ: "ಸೆರಗು ತೆಗೆದರೆ ಓಕೆನಾ?" ಅವಳು "ಓಕೆ ಸರ್" ಎನ್ನುತ್ತಾಳೆ. ಯಾರೂ ಬೆದರಿಸಲಿಲ್ಲ, ಕೈ ಹಿಡಿದೆಳೆಯಲಿಲ್ಲ. ಆದರೂ ಇದು ಒಪ್ಪಿಗೆಯೇ? ಬೇಡ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿ ನೋಡಿ. ಪಾತ್ರ ಹೋಗಬಹುದು. "ತಕರಾರಿನ ಹುಡುಗಿ" ಎಂಬ ಹೆಸರು ಬರಬಹುದು. ಹೂಂ ಎನ್ನುವುದು ಪುಕ್ಕಟೆ, ಬೇಡ ಎನ್ನುವುದು ಬಲು ದುಬಾರಿ. ಹಾಗಿದ್ದಾಗ ಬಂದ ಹೂಂ ಅನ್ನು ಪೂರ್ತಿ ನಂಬುವಂತಿಲ್ಲ.

ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಪರಿಶೀಲಿಸಿದ ಕೇರಳದ ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಈ ದುಬಾರಿತನ ಎಷ್ಟೆಂದು ನಮಗೆಲ್ಲ ಕಂಡಿತು. ತನಗೆ ಕಿರುಕುಳ ಕೊಟ್ಟವನ ಜೊತೆಗೇ ಮರುದಿನ ಹೆಂಡತಿಯಾಗಿ ನಟಿಸಿ ಅಪ್ಪಿಕೊಳ್ಳಬೇಕಾದ ನಟಿಯೊಬ್ಬರ ಪ್ರಸಂಗ ಅದರಲ್ಲಿದೆ. ಮುಖದಲ್ಲಿ ಭಾವ ಬರಲಿಲ್ಲ. ಒಂದು ಶಾಟ್‌ಗೆ 17 ಸಲ ರೀಟೇಕ್ ಆಯಿತು. ಕರ್ನಾಟಕದಲ್ಲೂ ಇಂಥ ಸಮಿತಿ ಬೇಕೆಂದು ಕನ್ನಡ ಚಿತ್ರರಂಗದವರ ಫೈರ್ ಸಂಘಟನೆ ಆಗ ಸರ್ಕಾರವನ್ನು ಕೇಳಿತು.

ಇಂಟಿಮೆಸಿ ಕೋಆರ್ಡಿನೇಟರ್ ಮಾಡುವ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು "ಬೇಡ"ದ ಬೆಲೆ ಇಳಿಸುವುದು. ಪ್ರಶ್ನೆಯನ್ನು ಸೆಟ್ಟಿನ ಗದ್ದಲದಿಂದ ವಾರದ ಹಿಂದಿನ ಒಂದು ಕೋಣೆಗೆ ಒಯ್ಯುತ್ತಾರೆ. ಕೇಳುವವರು ಪಾತ್ರ ಕೊಡುವವರೂ ಅಲ್ಲ, ಕಿತ್ತುಕೊಳ್ಳುವವರೂ ಅಲ್ಲ. ನಟಿ "ಹೊಟ್ಟೆ ಮುಟ್ಟಬಾರದು" ಎಂದದ್ದನ್ನು ನಿರ್ದೇಶಕರಿಗೆ ಮುಟ್ಟಿಸುವ ಹೊಣೆ ಕೋಆರ್ಡಿನೇಟರ್‌ದು. ಇದರಿಂದ ಹೂಂಗೂ ತೂಕ ಬರುತ್ತದೆ. ಬೇಡ ಎನ್ನಬಲ್ಲವಳು ಹೂಂ ಎಂದಾಗ ಎದುರಿನ ನಟನೂ ಧೈರ್ಯವಾಗಿ ನಟಿಸುತ್ತಾನೆ. ತಾನು ತಪ್ಪು ಮಾಡುತ್ತಿದ್ದೇನೋ ಎಂಬ ಅಳುಕು ಅವನನ್ನೂ ಬಿಡುತ್ತದೆ.

ಒಪ್ಪಿಗೆಯ ಉಳಿದ ಗುಣಗಳು ಇದರಿಂದಲೇ ಹುಟ್ಟುತ್ತವೆ. ಯಾವುದಕ್ಕೆ ಎಂದು ಗೊತ್ತಿದ್ದು ಒಪ್ಪಬೇಕು. ಮುತ್ತಿಗೆ ಕೊಟ್ಟ ಒಪ್ಪಿಗೆ ಮುತ್ತಿಗೆ ಮಾತ್ರ. ನಿನ್ನೆಯ ಒಪ್ಪಿಗೆ ಇವತ್ತಿಗೆ ತಾನಾಗಿ ಬರುವುದಿಲ್ಲ. ನಡುವೆ ನಿಲ್ಲಿಸಿದರೆ ಅದು ಮಾತಿಗೆ ತಪ್ಪಿದಂತಲ್ಲ.

ಇದರಿಂದ ಎಲ್ಲವೂ ಸರಿಹೋಯಿತೇ?

ಇಲ್ಲ. ನಟರಲ್ಲೇ ಒಮ್ಮತವಿಲ್ಲ. ಬ್ರಿಟಿಷ್ ನಟ ಶಾನ್ ಬೀನ್ 2022ರಲ್ಲಿ, ಇದು ಸಹಜತೆಯನ್ನು ಹಾಳುಮಾಡುತ್ತದೆ ಎಂದರು. ಹಲವು ನಟಿಯರು ಅದನ್ನು ಒಪ್ಪಲಿಲ್ಲ. ಇನ್ನೊಂದು ಕಡೆ, "ಅನೋರಾ" ಚಿತ್ರಕ್ಕೆ 2025ರಲ್ಲಿ ಆಸ್ಕರ್ ಪಡೆದ ಮೈಕಿ ಮ್ಯಾಡಿಸನ್, ಕೋಆರ್ಡಿನೇಟರ್ ಬೇಕೇ ಎಂದು ಕೇಳಿದಾಗ ಬೇಡ ಎಂದಿದ್ದರು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಅವರನ್ನು ಕೇಳಿದರು, ಅವರು ಆರಿಸಿಕೊಂಡರು.

ನಿಜವಾದ ಮಿತಿ ಬೇರೆ ಕಡೆ ಇದೆ. ಸಂಬಳ ನಿರ್ಮಾಪಕರದ್ದು ಎಂದು ಮೊದಲೇ ಹೇಳಿದೆನಲ್ಲ. ಹೆಸರಿಗೆ ಮಾತ್ರ ಒಬ್ಬರನ್ನು ಕೂರಿಸಿ, ಅವರ ಮಾತು ಕೇಳದೆ ಇರಲು ಸಾಧ್ಯವಿದೆ. ಭಾರತದಲ್ಲಿ ಕೋಆರ್ಡಿನೇಟರ್ ಇರಲೇಬೇಕೆಂಬ ಕಾನೂನಿಲ್ಲ. ದೊಡ್ಡ ವೇದಿಕೆಗಳ ಸರಣಿಗಳಲ್ಲಿ ಇರುತ್ತಾರೆ, ಸಣ್ಣ ಬಜೆಟ್ಟಿನ ಕಡೆ ಹೆಚ್ಚಾಗಿ ಇರುವುದಿಲ್ಲ. ಅಪಾಯ ಜಾಸ್ತಿ ಇರುವುದು ಅಲ್ಲೇ.

ಇರುವ ಕಾನೂನು 2013ರ ಪೋಶ್ ಕಾಯ್ದೆ, ಅಂದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಶೂಟಿಂಗ್ ಸೆಟ್ಟೂ ಕೆಲಸದ ಜಾಗವೇ. ಅಲ್ಲಿ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಸಾಮಾನ್ಯವಾಗಿ 3 ತಿಂಗಳ ಅವಧಿ.

ಇದನ್ನು ಮನೆಗೆ ತಂದರೆ?

ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆ. ಹೊಸ ಮದುವೆ, ಹಿರಿಯರು ನೋಡಿ ಮಾಡಿದ್ದು. ಹುಡುಗ ಫೋರ್ಟ್‌ನ ಬ್ಯಾಂಕಿನಲ್ಲಿದ್ದಾನೆ, ದಿನಾ ಫಾಸ್ಟ್ ಲೋಕಲ್‌ನಲ್ಲಿ ಜೋತಾಡಿಕೊಂಡು ಓಡಾಟ. ಹುಡುಗಿ ಕುಂದಾಪುರದವಳು. ಅತ್ತೆ-ಮಾವ ಹಾಲ್‌ನಲ್ಲಿ ಮಲಗುತ್ತಾರೆ. ಗೋಡೆ ತೆಳು. ಮದುವೆಗೆ ಮುಂಚೆ ಎರಡು ಸಲ ಭೇಟಿ, ಫೋನಿನಲ್ಲಿ ಒಂದಿಷ್ಟು ಮಾತು. ಇವರ ಪರಿಸ್ಥಿತಿಯೂ ಆ ಚಿತ್ರಕಥೆಯ ಒಂದೇ ಸಾಲಿನ ಹಾಗೆಯೇ ಇದೆ. "ಇಬ್ಬರೂ ಒಂದಾಗುತ್ತಾರೆ" ಎಂದು ಎಲ್ಲರೂ ನಿರೀಕ್ಷಿಸಿದ್ದಾರೆ. ಹೇಗೆ ಎಂದು ಯಾರೂ ಹೇಳಿಲ್ಲ, ಅವರಿಬ್ಬರೂ ಮಾತಾಡಿಲ್ಲ.

ಸೆಟ್ಟಿನ ಎಲ್ಲವನ್ನೂ ಇಲ್ಲಿಗೆ ತರಲಾಗದು. ಸಂಸಾರದಲ್ಲಿ ಎಣಿಕೆ ಹಾಕಿ ಮುಟ್ಟುವುದಿಲ್ಲ, ಸಹಿ ಹಾಕುವುದಿಲ್ಲ. ನಟರಿಗೆ ಆಸೆ ಇರಬೇಕಾಗಿಲ್ಲ, ಇಲ್ಲಿ ಇಬ್ಬರಿಗೂ ಅದು ಬೇಕು. ಮಧ್ಯೆ ಇನ್ನೊಬ್ಬರು ಕೂರುವುದಂತೂ ಸಾಧ್ಯವೇ ಇಲ್ಲ.

ಆದರೆ ಕೆಲವು ಅಭ್ಯಾಸಗಳು ಸಲೀಸಾಗಿ ಬರುತ್ತವೆ. ಮೊದಲನೆಯದು, ಮಾತಿನ ಹೊತ್ತು. ದೀಪ ಆರಿದ ಮೇಲೆ ಇಂಥ ಮಾತು ಎತ್ತುವುದು ಕಷ್ಟ. ಅದು ದೂರಿನಂತೆ ಕೇಳಿಸುತ್ತದೆ. ಭಾನುವಾರ ಸಂಜೆ ರೈಲ್ವೆ ಸ್ಟೇಷನ್ ಕಡೆ ತರಕಾರಿಗೆಂದು ಇಬ್ಬರೇ ನಡೆದುಕೊಂಡು ಹೋಗುವಾಗ ಹೇಳಿದರೆ ಅದೇ ಮಾತು ಹಗುರ. ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ, ಆಗಲೇ ಏನೂ ತೀರ್ಮಾನವಾಗಬೇಕಾಗಿಲ್ಲ.

ಎರಡನೆಯದು, ಸ್ಪಷ್ಟತೆ. "ನನಗಿದೆಲ್ಲ ಇಷ್ಟ ಆಗಲ್ಲ" ಎಂದರೆ ಗಂಡನಿಗೆ ತಾನೇ ಇಷ್ಟವಿಲ್ಲ ಎಂದು ಕೇಳಿಸುತ್ತದೆ. "ಕುತ್ತಿಗೆ ಹತ್ರ ಬೇಡ ರೀ, ಕಸಿವಿಸಿ ಆಗತ್ತೆ. ಬೆನ್ನು ಸವರಿದ್ರೆ ಹಿತವಾಗಿರತ್ತೆ" ಎಂದರೆ ಅವನಿಗೊಂದು ದಾರಿ ಸಿಗುತ್ತದೆ. ಅವನೂ "ಇದು ಓಕೆನಾ?" ಎಂದು ನಡುವೆ ಕೇಳಬಹುದು. ಕೇಳಿದರೆ ರಸಭಂಗ ಎನ್ನುವವರಿದ್ದಾರೆ. ಅಂದಾಜಿನಲ್ಲಿ ನಡೆದು ದಿನಾ ಒಬ್ಬರು ಹಲ್ಲು ಕಚ್ಚಿಕೊಂಡಿರುವುದಕ್ಕಿಂತ ದೊಡ್ಡ ರಸಭಂಗ ಯಾವುದಿದೆ?

ಎಲ್ಲಕ್ಕಿಂತ ಮುಖ್ಯವಾದದ್ದು ಮತ್ತೆ ಅದೇ, ಬೇಡದ ಬೆಲೆ. ಮನೆಯಲ್ಲಿ ಪಾತ್ರ ಕೈತಪ್ಪುವುದಿಲ್ಲ, ಆದರೆ ಬೆಲೆ ಇದ್ದೇ ಇರುತ್ತದೆ. ಅವಳು ಬೇಡ ಎಂದ ಮರುದಿನ ಅವನು ಮೋರೆ ಊದಿಸಿಕೊಳ್ಳುತ್ತಾನೆ. ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಾನೆ. ಊರಿಗೆ ಹೋಗಲು ಮತ್ಸ್ಯಗಂಧಾ ರೈಲಿನ ಟಿಕೆಟ್ ಮಾಡಿಸಿ ಎಂದರೆ "ನೋಡೋಣ" ಎನ್ನುತ್ತಾನೆ. ಅವನು ಬೈದಿಲ್ಲ, ಹೊಡೆದಿಲ್ಲ. ಆದರೂ ಮುಂದಿನ ಸಲ ಅವಳು ಲೆಕ್ಕ ಹಾಕಿಯೇ ಹೂಂ ಎನ್ನುತ್ತಾಳೆ. ಅವಳ ತವರು ಒಂದು ರಾತ್ರಿಯ ಪ್ರಯಾಣದಷ್ಟು ದೂರ, ದುಡಿಮೆ ಅವನದು, ಮನೆ ಅವನ ಅಪ್ಪ-ಅಮ್ಮನದು. ಈ ತಕ್ಕಡಿಯಲ್ಲಿ ಯಾರ ಕಡೆ ತೂಕ ಜಾಸ್ತಿಯೋ, ಬೇಡದ ಬೆಲೆ ಇಳಿಸುವ ಕೆಲಸ ಅವರದೇ. ಕೋಆರ್ಡಿನೇಟರ್ ಇಲ್ಲದ ಜಾಗದಲ್ಲಿ ಆ ಕೆಲಸ ಬೇರೆ ಯಾರೂ ಮಾಡಲಾರರು. "ಸರಿ, ಮಲ್ಕೋ" ಎಂದು ಹೇಳಿ, ಬೆಳಿಗ್ಗೆ ಎಂದಿನಂತೆ ಇಬ್ಬರಿಗೂ ಚಹಾ ಮಾಡಿದರೆ ಅವಳಿಗೆ ತಿಳಿಯುತ್ತದೆ. ಬಾಯಿಮಾತಿನ ಭರವಸೆಗಿಂತ ಮರುದಿನದ ನಡೆ ಜಾಸ್ತಿ ಹೇಳುತ್ತದೆ.

ಇದು ತಿರುಗುಮುರುಗಾಗಿಯೂ ನಿಜ. ಲೋಕಲ್‌ನಲ್ಲಿ ಹಣ್ಣಾಗಿ ಬಂದ ಗಂಡನಿಗೂ ಬೇಡ ಎನಿಸುತ್ತದೆ. "ಗಂಡಸಾಗಿ ಹೀಗಾ?" ಎಂಬ ಒಂದು ಮಾತು ಅವನಿಗೂ ಬೇಡ ಎನ್ನುವುದನ್ನು ದುಬಾರಿ ಮಾಡಿಬಿಡುತ್ತದೆ.

ಮಾತು, ತಾಳ್ಮೆ ಎಲ್ಲ ದಾಟಿ ಬಲವಂತವೇ ನಡೆಯುತ್ತಿದ್ದರೆ ಅದು ಸಂಸಾರದ ಹೊಂದಾಣಿಕೆಯ ವಿಷಯವಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಲೈಂಗಿಕ ದೌರ್ಜನ್ಯವನ್ನೂ ದೌರ್ಜನ್ಯವೆಂದೇ ಹೆಸರಿಸಿದೆ, ಹೆಂಡತಿಗೂ ಅದರ ರಕ್ಷಣೆಯಿದೆ. ಮಹಿಳಾ ಸಹಾಯವಾಣಿ 181.

ನಿಮ್ಮ ಮನೆಯ ಮಕ್ಕಳು ಆಡಿಷನ್‌ಗೆ ಹೊರಟಿದ್ದರೆ

ಫೋನ್ ಮಾಡುವ ಆ ಅಪ್ಪ-ಅಮ್ಮನಿಗೂ ಚಿಕ್ಕಮ್ಮನಿಗೂ ಉತ್ತರ ಬಾಕಿ ಇದೆ. ಆಪ್ತ ದೃಶ್ಯವಿರುವ ಪಾತ್ರ ಒಪ್ಪಬೇಕೋ ಬೇಡವೋ ಎಂಬುದು 18 ದಾಟಿದ ಮಗ ಅಥವಾ ಮಗಳ ತೀರ್ಮಾನ. "ಅಂಥದ್ದೆಲ್ಲ ಮಾಡ್ತೀಯಾ?" ಎಂದು ಬೈದರೆ ಮುಂದೆ ತೊಂದರೆಯಾದಾಗಲೂ ಮನೆಗೆ ಹೇಳುವುದಿಲ್ಲ. ಅದರ ಬದಲು ಕೇಳಬೇಕಾದ ಪ್ರಶ್ನೆಗಳನ್ನು ಕಲಿಸಿ. ದೃಶ್ಯ ಬರೆದಿರುವ ಪುಟ ಓದಲು ಕೊಡುತ್ತಾರಾ? ಕೋಆರ್ಡಿನೇಟರ್ ಇದ್ದಾರಾ, ಅವರ ಜೊತೆ ಒಬ್ಬಳೇ ಮಾತಾಡಬಹುದಾ? ಏನು ಕಾಣುತ್ತದೆ ಎಂಬುದು ಕರಾರಿನಲ್ಲಿ ಬರೆದಿದೆಯಾ? ಸೆಟ್ಟಿನಲ್ಲಿ ದೂರು ಕೇಳುವ ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ?

ಒಳ್ಳೆಯ ನಿರ್ಮಾಣ ಸಂಸ್ಥೆಗೆ ಈ ಪ್ರಶ್ನೆಗಳು ಹೊಸವಲ್ಲ, ಅವರು ಬೇಸರಪಡುವುದೂ ಇಲ್ಲ. ಆಡಿಷನ್‌ನಲ್ಲೇ ಬಟ್ಟೆ ತೆಗೆಯಿರಿ ಎಂದರೆ, ಮುತ್ತು ಕೊಟ್ಟು ತೋರಿಸಿ ಎಂದರೆ, ರಾತ್ರಿ ಹೋಟೆಲ್ ರೂಮಿಗೆ ಬಂದು ರಿಹರ್ಸಲ್ ಮಾಡೋಣ ಎಂದರೆ ಚೀಲ ಎತ್ತಿಕೊಂಡು ಹೊರಟುಬಿಡಬಹುದು. ಮೀಟಿಂಗ್‌ನಲ್ಲಿ ಬಾಯಲ್ಲಿ ಒಪ್ಪಿದ್ದನ್ನು ಅದೇ ದಿನ ಒಂದು ಇಮೇಲ್‌ನಲ್ಲಿ ಬರೆದು ಕಳಿಸಲಿ: "ಇಂದು ಮಾತಾಡಿದಂತೆ, ಬೆನ್ನು ಮಾತ್ರ ಕಾಣುತ್ತದೆ, ಟ್ರೇಲರ್‌ನಲ್ಲಿ ಬಳಸುವುದಿಲ್ಲ, ಸರಿಯಿದ್ದರೆ ದಯವಿಟ್ಟು ಉತ್ತರಿಸಿ." ಉತ್ತರ ಬರುವವರೆಗೆ ಸಹಿ ಹಾಕದಿರಲಿ.